ಟೆಕ್ನಾಲಜಿ ಬದಲಾದಂಗ ಸ್ಪೆಕ್ಟ್ರಂ ರೂಲ್ಸೂ ಬದಲಾಗಬೇಕೇನು?

ಬದಲಾಗಲೇಬೇಕ್ರಿ. ಸ್ಪೆಕ್ಟ್ರಂ ಅಂದ್ರ ರೇಡಿಯೋ, ಮೊಬೈಲ್, ವೈಫೈ ಎಲ್ಲಾ ಬಳಸೋ ರೇಡಿಯೋ ಅಲೆಗಳು, ಅದರಾಗಿನ ಒಂದೊಂದು ಪಟ್ಟಿಗೆ ಬ್ಯಾಂಡ್ ಅಂತಾರ. ಒಂದು ಬ್ಯಾಂಡ್ ಒಬ್ಬರಿಗೇ ವರ್ಷಗಟ್ಟಲೆ ಬರದುಕೊಟ್ಟು ಕುಂದ್ರೋ ಬದ್ಲಿ, ಖಾಲಿ ಇದ್ದಲ್ಲಿ ಇನ್ನೊಬ್ರೂ ಬಳಸೋಹಂಗ ಆಗಬೇಕು.

ಹಳೇ ರೇಡಿಯೋ ಸೆಟ್ಟಿಗೆ ಒಂದೇ ಫ್ರೀಕ್ವೆನ್ಸಿದಾಗ ಇಬ್ರು ಮಾತಾಡಿದ್ರ ಬರೀ ಗದ್ದಲ ಕೇಳ್ತಿತ್ತು, ಅದಕ್ಕ ಹೊಲಕ್ಕ ಬದು ಹಾಕಿದಂಗ ಒಬ್ಬರಿಗೊಂದು ಪಟ್ಟಿ ಅಂತ ಮಾಡಿದ್ರು. ಈಗಿನ ವೈಫೈ ಹಂಗಲ್ಲ, ಮೊದಲ ಕಿವಿಗೊಟ್ಟು ಕೇಳ್ತದ, ಯಾರರೆ ಮಾತಾಡ್ಲಿಕತ್ತಿದ್ರ ಒಂಚೂರು ತಡದು ಆಮ್ಯಾಲ ತಾ ಮಾತಾಡ್ತದ. ವೈಫೈ ಬಳಸೋ 2.4 ಗಿಗಾಹರ್ಟ್ಸ್ ಬ್ಯಾಂಡಿಗೆ 2005ರಾಗ ನಮ್ಮ ದೇಶದಾಗ ಲೈಸೆನ್ಸ್ ತೆಗದುಹಾಕಿದ್ರು, ಪವರ್ ಇಷ್ಟೇ ಇರಬೇಕು ಅಂತ ಮಿತಿ ಇಟ್ರು ಅಷ್ಟೇ, ಇವತ್ತು ಕಲಬುರಗಿ ಸೂಪರ್ ಮಾರ್ಕೆಟಿನಾಗ ಅಂಗಡಿಗೊಂದು ರೌಟರ್ ಇದ್ರೂ ಎಲ್ಲಾ ನಡೀತಾವ.

ಮೊಬೈಲ್ ಬ್ಯಾಂಡಿನ ಕಥಿ ಬ್ಯಾರೆ. ಹರಾಜು ಆಗೋದು ಇಡೀ ಕರ್ನಾಟಕ ಸರ್ಕಲ್ (ಟೆಲಿಕಾಂ ವಲಯ) ಲೆಕ್ಕದಾಗ, ಹಿಂಗಾಗಿ ಬೆಂಗಳೂರಾಗ ತುಂಬಿ ತುಳುಕೋ ಬ್ಯಾಂಡು ಚಿಂಚೋಳಿ ಕಾಡಂಚಿನಾಗ ಸುಮ್ನ ಬಿದ್ದಿರಬಹುದು. ದೂರ ಹೋಗೋ, ಹಳ್ಳಿಗೆ ಹೇಳಿ ಮಾಡಿಸಿದಂಥ 700 ಮೆಗಾಹರ್ಟ್ಸ್ ನೋಡ್ರಿ, ರೇಟ್ ಜಾಸ್ತಿ ಇಟ್ಟಿದ್ದಕ್ಕ 2016ರಾಗೂ 2021ರಾಗೂ ಯಾರೂ ತೊಗೊಳ್ಳಿಲ್ಲ, 2022ರಾಗ ಹೋಯ್ತು. ಅಷ್ಟು ವರ್ಷ ದಂಡ! ಬಳಸದ ಸ್ಪೆಕ್ಟ್ರಂ ವಾಪಸ್ ತೊಗೊಳ್ಳಲಿಕ್ಕ 2023ರ ಟೆಲಿಕಾಂ ಕಾಯ್ದೆದಾಗ ದಾರಿ ಏನೋ ಅದ, ಅದನ್ನ ಖರೇನ ಬಳಸಬೇಕು.

ಹಂಗಂತ ಎಲ್ಲಾ ಬಯಲಿಗೆ ಬಿಡಂಗಿಲ್ಲ. ಬೀದರ್ ಏರ್‌ಫೋರ್ಸ್ ಸ್ಟೇಷನ್‌ನಂಥಲ್ಲಿ ವಿಮಾನದ ರೇಡಿಯೋ 'ಸ್ವಲ್ಪ ತಡೀರಿ' ಅನ್ನಲಿಕ್ಕ ಆಗ್ತದೇನ್ರಿ?