ಹೆಂಡತಿ ಲಾರಿ ಓಡಿಸುವಾಗ ನಿದ್ದೆ ಬಾರದ ಗಂಡ

ಇವರು ನನ್ನ ಹತ್ತಿರ ಆಪ್ತ ಸಲಹೆಗೆ ಬಂದ ಕುಶಾಲನಗರದ ಕಡೆಯ ದಂಪತಿ. ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. ಇಲ್ಲಿ ಗಿರೀಶ, ಸುಮಾ ಅಂತ ಕರೆಯೋಣ.

ಗಿರೀಶ ಹನ್ನೆರಡು ವರ್ಷದಿಂದ ಲಾರಿ ಡ್ರೈವರ್. ಸುಮಾ ಮದುವೆಗೆ ಮುಂಚೆ ತೋಟದಲ್ಲಿ ಪಿಕಪ್ ಓಡಿಸಿ ಕಾಫಿ ಮೂಟೆ ಸಾಗಿಸಿದವರು. ಮಗಳು ಶಾಲೆಗೆ ಸೇರಿದ ಮೇಲೆ ಹೆವಿ ಲೈಸೆನ್ಸ್ ಮಾಡಿಸಿಕೊಂಡರು. ಶುಂಠಿ ಲೋಡು ಹೇರಿಕೊಂಡು ನವಿ ಮುಂಬೈಯ ವಾಶಿ ಮಾರ್ಕೆಟ್‌ಗೆ ಹೋಗುವ ಲಾರಿಯಲ್ಲಿ ಇಬ್ಬರೂ ಸೇರಿ ದುಡಿಯಲು ಶುರು ಮಾಡಿ ಮೂರು ತಿಂಗಳಾಗಿತ್ತು. ಹಸಿ ಶುಂಠಿ ಟಾರ್ಪಾಲ್ ಕೆಳಗೆ ಜಾಸ್ತಿ ಹೊತ್ತು ಬಿಸಿಯಾದರೆ ಕೊಳೆಯುತ್ತದೆ, ಒಬ್ಬರು ಮಲಗಿದಾಗ ಇನ್ನೊಬ್ಬರು ಓಡಿಸಿದರೆ ಗಾಡಿ ನಿಲ್ಲುವುದಿಲ್ಲ, ಎರಡನೇ ಡ್ರೈವರ್‌ಗೆ ಹೋಗುವ ದುಡ್ಡೂ ಮನೆಗೇ ಬರುತ್ತದೆ ಅನ್ನುವುದು ಅವರ ಲೆಕ್ಕ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ನನ್ನ ಹತ್ತಿರ ಬಂದಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಸುಮಾ ಬ್ಯಾಗಿನಿಂದ ಟ್ರಿಪ್ ಲೆಕ್ಕದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಡೀಸೆಲ್, ಟೋಲ್, ಊಟದ ಖರ್ಚು, ಕೊನೆಯಲ್ಲಿ ಬರೀ ಗೀಟುಗಳ ಒಂದು ಸಾಲು. "ನಾನು ಓಡಿಸೋವಾಗ ಇವರು 'ಬ್ರೇಕ್ ಹಿಡಿ', 'ಗೇರ್ ಇಳಿಸು' ಅಂದಿದ್ದು ಮೇಡಂ. ಗಾಡಿ ನಿಲ್ಲಿಸಿದಾಗ ನೆನಪಿಟ್ಟುಕೊಂಡು ಹಾಕಿದ್ದೀನಿ." ನಾನು ಎಣಿಸಿದೆ. ಒಂದೇ ಟ್ರಿಪ್‌ಗೆ 41 ಗೀಟು.

ಗಿರೀಶ ಏನೂ ಹೇಳಲಿಲ್ಲ. ಸುಮಾ ಸಾತಾರಾ ಹತ್ತಿರದ ಖಂಬಾಟ್ಕಿ ಘಾಟಿಯ ಮಾತು ತೆಗೆದಾಗ ನಾನು ಗಿರೀಶರ ಕಾಲು ಗಮನಿಸಿದೆ. ಕುರ್ಚಿಯಲ್ಲಿ ಕೂತಲ್ಲೇ ಬಲಗಾಲು ನೆಲವನ್ನು ಒತ್ತುತ್ತಿತ್ತು. ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು.

"ಅವಳ ಕೈ ಮೇಲೆ ನಂಬಿಕೆ ಇಲ್ವಾ?" ಎಂದು ನೇರವಾಗಿ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದರು: "ಇದೆ ಮೇಡಂ. ಮೊದಲು ನಾನೊಬ್ಬನೇ ಹೋಗ್ತಿದ್ದೆ. ನಂಗೇನಾದ್ರೂ ಆದ್ರೂ ಮಗಳಿಗೆ ಅಮ್ಮ ಇರ್ತಾಳೆ ಅನ್ನೋ ಧೈರ್ಯ ಇತ್ತು. ಈಗ ಇಬ್ರೂ ಒಂದೇ ಗಾಡೀಲಿ ಇದ್ದೀವಿ." ಸುಮಾ ಆ ದಿನ ಮೊದಲ ಸಲ ಅವರತ್ತ ತಿರುಗಿ ನೋಡಿದರು. ಮೂರು ತಿಂಗಳು ಬೈಗುಳವಾಗಿ ಕೇಳಿದ್ದು ಭಯ ಅಂತ ಅವರಿಗೆ ಗೊತ್ತಿರಲಿಲ್ಲ.

ಭಯ ನಿಜವಾದದ್ದೇ. ಆದರೆ ಅದು ಮಾಡುತ್ತಿದ್ದ ಕೆಲಸ ನೋಡಿ. ಸುಮಾ ಓಡಿಸುವಾಗ ಗಿರೀಶ ಹಿಂದಿನ ಬರ್ತ್‌ನಲ್ಲಿ ಮಲಗದೆ ಪಕ್ಕದ ಸೀಟಿನಲ್ಲೇ ಕಣ್ಣು ಬಿಟ್ಟು ಕೂರುತ್ತಿದ್ದರು, ಆಮೇಲೆ ಅದೇ ಕಣ್ಣಲ್ಲಿ ತಮ್ಮ ಪಾಳಿ ಓಡಿಸುತ್ತಿದ್ದರು. ಸತತ 17 ಗಂಟೆ ಎಚ್ಚರವಿದ್ದವರ ಕೈ, ಕಣ್ಣು, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರಷ್ಟೇ ನಿಧಾನವಾಗುತ್ತದೆ. ನಮ್ಮ ಕಾನೂನಿನ ಮಿತಿ 0.03. ಗಿರೀಶ ಕುಡಿಯುವವರಲ್ಲ. ಇದನ್ನು ಹೇಳಿದಾಗ ಅವರಿಗೆ ನಿಜಕ್ಕೂ ನೋವಾಯಿತು, ಆದರೂ ಹೇಳಲೇಬೇಕಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಒಬ್ಬ ಡ್ರೈವರ್‌ಗೆ ದಿನಕ್ಕೆ 8 ಗಂಟೆ ಕೆಲಸ ಎಂದು ಬರೆದಿತ್ತು. ರಸ್ತೆಯಲ್ಲಿ ಅದನ್ನು ಪಾಲಿಸುವವರು ಎಷ್ಟು ಜನ ಅಂತ ನಿಮಗೂ ಗೊತ್ತು.

ನಾನು ಕೊಟ್ಟ ಸಲಹೆ ಇದು. ಸ್ಟೇರಿಂಗ್ ಹಿಡಿದವರ ಮಾತೇ ಕೊನೆ. ಕಣ್ಣೆದುರು ಅಪಾಯ ಕಂಡರೆ ಮಾತ್ರ ಇನ್ನೊಬ್ಬರು ಬಾಯಿ ತೆರೆಯಬೇಕು, ಉಳಿದದ್ದನ್ನು ಗಾಡಿ ನಿಲ್ಲಿಸಿದ ಮೇಲೆ ಒಂದೇ ಒಂದು ಮಾತಲ್ಲಿ ಹೇಳಬೇಕು, ಅದೂ ಸುಮಾ ಕೇಳಿದರೆ. ಗಿರೀಶ ಒಂದೇ ಸಲಕ್ಕೆ ಘಾಟಿಯಲ್ಲಿ ಮಲಗುವುದು ಬೇಡ. ಮೊದಲು ಹಗಲು ಹೊತ್ತು, ದಾವಣಗೆರೆಯಿಂದ ಹುಬ್ಬಳ್ಳಿವರೆಗಿನ ಅಗಲ ರಸ್ತೆಯಲ್ಲಿ, ಬರ್ತ್‌ನ ಪರದೆ ಎಳೆದು ಮಲಗಲಿ. ನಿದ್ದೆ ಬರದಿದ್ದರೂ ಪರವಾಗಿಲ್ಲ, ಮಲಗಿರಲಿ. ಎದ್ದ ತಕ್ಷಣ ಸ್ಟೇರಿಂಗ್ ಹಿಡಿಯುವಂತಿಲ್ಲ. ಅರ್ಧ ಗಂಟೆ ಬಿಟ್ಟು, ಮುಖ ತೊಳೆದು, ಟೈರ್ ತಟ್ಟಿ ನೋಡಿ, ಹಗ್ಗ ಎಳೆದು ನೋಡಿ ಆಮೇಲೆ ಹತ್ತಬೇಕು. ರಾತ್ರಿ ಎರಡರಿಂದ ಐದರ ನಡುವೆ ಇಬ್ಬರಿಗೂ ತೂಕಡಿಕೆ ಬಂದರೆ ಗಾಡಿ ನಿಲ್ಲಲಿ, ಶುಂಠಿ ಎರಡು ಗಂಟೆ ತಡವಾಗಲಿ.

ಅತ್ತೆಯ ಮಾತು, ಸಾಲದ ಕಂತು, ಮಗಳ ಶಾಲೆ, ಇವು ಯಾವುವೂ ಓಡುವ ಗಾಡಿಯಲ್ಲಿ ಬೇಡ ಎಂದೆ. ಧಾಬಾದ ಮಂಚದ ಮೇಲೆ ಟೀ ಕುಡಿಯುತ್ತಾ ಮಾತಾಡಿ.

ಸುಮಾರನ್ನು ಒಬ್ಬರೇ ಕೂರಿಸಿಕೊಂಡಾಗ ಇನ್ನೊಂದು ಗೊತ್ತಾಯಿತು. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಅವರು ನೀರೇ ಕುಡಿಯುತ್ತಿರಲಿಲ್ಲ. ತಲೆನೋವು, ಉರಿಮೂತ್ರ ಎರಡೂ ಇತ್ತು, ಗಂಡನಿಗೆ ಹೇಳಿರಲಿಲ್ಲ. ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಡೀಸೆಲ್ ಹಾಕಿಸುವ ಬಂಕ್‌ಗಳನ್ನೇ ಶೌಚಾಲಯ ನೋಡಿ ಆರಿಸಿ, ಎರಡೂವರೆ ಗಂಟೆಗೊಮ್ಮೆ ನಿಲ್ಲಿಸುವುದನ್ನು ಲೆಕ್ಕದ ಪುಸ್ತಕದಲ್ಲೇ ಬರೆದಿಡಿ ಎಂದೆ. ಇದು ಹೆಂಡತಿಗೆ ಮಾಡುವ ಉಪಕಾರ ಅಲ್ಲ, ಡ್ರೈವರ್‌ಗೆ ಸಿಗಬೇಕಾದದ್ದು. ಗಿರೀಶ ತಲೆ ತಗ್ಗಿಸಿದರು.

ಇನ್ನೂ ಒಂದು ವಿಷಯಕ್ಕೆ ನಾನು ಪಟ್ಟು ಹಿಡಿದೆ. ಮಾಲೀಕರ ಹತ್ತಿರ ಗಿರೀಶರ ಹೆಸರು ಮಾತ್ರ ಇತ್ತು, ದುಡ್ಡೂ ಅವರ ಖಾತೆಗೇ. ಸುಮಾ ಓಡಿಸುವಾಗ ಏನಾದರೂ ಆದರೆ? ಅವರ ಲೈಸೆನ್ಸ್ ನಕಲು ಮಾಲೀಕರ ಕೈಗೆ ಸೇರಲಿ, ಎರಡನೇ ಡ್ರೈವರ್ ಎಂದು ಬರೆಸಿಕೊಳ್ಳಿ, ಅವರ ಪಾಲು ಅವರ ಖಾತೆಗೆ ಬರಲಿ ಎಂದೆ.

ಆರು ವಾರದ ಮೇಲೆ ಬಂದರು. ಹುಬ್ಬಳ್ಳಿಯಿಂದ ನಿಪ್ಪಾಣಿವರೆಗೆ ಗಿರೀಶ ಗೊರಕೆ ಹೊಡೆದು ಮಲಗಿದ್ದರಂತೆ. ಗೀಟುಗಳು ಒಂಬತ್ತಕ್ಕೆ ಇಳಿದಿದ್ದವು. ಖಂಬಾಟ್ಕಿಯಲ್ಲಿ ಈಗಲೂ ಎದ್ದು ಕೂರುತ್ತಾರೆ, ಮಾತಾಡುವುದಿಲ್ಲ. ಮಾಲೀಕರು ಲೈಸೆನ್ಸ್ ನಕಲು ಇಟ್ಟುಕೊಂಡಿದ್ದಾರೆ, ದುಡ್ಡು ಮಾತ್ರ ಇನ್ನೂ ಒಂದೇ ಖಾತೆಗೆ ಬರುತ್ತಿದೆ. ಮಳೆಗಾಲದಲ್ಲಿ ಕೊಡಗಿನ ರಸ್ತೆಗಳಲ್ಲಿ ಭಾರಿ ವಾಹನಕ್ಕೆ ತಡೆ ಬೀಳುವುದುಂಟು, ಆಗ ಇಬ್ಬರೂ ಮನೆಯಲ್ಲಿರುತ್ತಾರೆ. ಮುಂದಿನ ಸಲ ಮಗಳನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.