ಅಪವರ್ತನ ತಿಳಿಯದೆಯೂ ಸಂಯುಕ್ತವೆನ್ನಬಹುದೇ?

ಪ್ರಶ್ನೆ: ದೈತ್ಯ ಸಂಖ್ಯೆಯೊಂದರ ಒಂದು ಅಪವರ್ತನವೂ ತಿಳಿಯದಿರುವಾಗ ಅದು ಸಂಯುಕ್ತ ಸಂಖ್ಯೆಯೆಂದು ಹೇಗೆ ಹೇಳುತ್ತಾರೆ?
– ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಉತ್ತರ: 2ಕ್ಕಿಂತ ದೊಡ್ಡದಾದ ಯಾವುದೇ ಅವಿಭಾಜ್ಯ ಸಂಖ್ಯೆಯನ್ನು ತೆಗೆದುಕೊಂಡರೂ, ಅದಕ್ಕಿಂತ ಒಂದು ಕಡಿಮೆಯಾದ ಘಾತಕ್ಕೆ 2ನ್ನು ಏರಿಸಿ ಆ ಸಂಖ್ಯೆಯಿಂದಲೇ ಭಾಗಿಸಿದಾಗ ಶೇಷ 1 ಬರಲೇಬೇಕೆಂದು ಫ್ರೆಂಚ್ ಗಣಿತಜ್ಞ ಫರ್ಮಾನ ಪ್ರಮೇಯ ಹೇಳುತ್ತದೆ. 15ನ್ನೇ ನೋಡಿ: 2ರ 14ನೇ ಘಾತ 16,384, ಅದನ್ನು 15ರಿಂದ ಭಾಗಿಸಿದರೆ ಶೇಷ 4 ಉಳಿಯುವುದರಿಂದ, 3 ಮತ್ತು 5ರ ಹೆಸರೆತ್ತದೆಯೇ 15 ಸಂಯುಕ್ತವೆಂದು ಸಿದ್ಧವಾಯಿತು. (ಶೇಷ 1 ಬಂದ ಮಾತ್ರಕ್ಕೆ ಅವಿಭಾಜ್ಯವೆನ್ನಲಾಗದು, 341 ಸಂಯುಕ್ತವಾಗಿದ್ದೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ.) ನನಗೆ ಅತ್ಯಂತ ಪ್ರಿಯವಾದ ಉದಾಹರಣೆಯೆಂದರೆ 2ರ 67ನೇ ಘಾತದಿಂದ 1 ಕಳೆದಾಗ ಬರುವ 21 ಅಂಕಿಗಳ ಸಂಖ್ಯೆ. ಅದು ಸಂಯುಕ್ತವೆಂದು ಫ್ರೆಂಚ್ ಗಣಿತಜ್ಞ ಲ್ಯೂಕಾ ತಮ್ಮದೇ ಬೇರೊಂದು ಪರೀಕ್ಷೆಯಿಂದ 1876ರಲ್ಲಿಯೇ ತೋರಿಸಿದ್ದರೂ, 193707721 ಮತ್ತು 761838257287 ಎಂಬ ಅದರ ಅಪವರ್ತನಗಳನ್ನು ಅಮೆರಿಕದ ಗಣಿತಜ್ಞ ಕೋಲ್ ಮುಂದಿಟ್ಟದ್ದು 1903ರಲ್ಲಿ.