ಗೋಷ್ಠಿಯಲ್ಲಿ ಮೊದಲ ಪ್ರಶ್ನೆ ಯಾರದು?

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಈಚೆಗೆ ನಡೆದ ವಿಚಾರಗೋಷ್ಠಿಯೊಂದರಲ್ಲಿ ನಾನೆತ್ತಿದ ಆಕ್ಷೇಪಕ್ಕೆ ಯಾರೂ ಉತ್ತರಿಸಲಿಲ್ಲ. ಹತ್ತು ನಿಮಿಷದ ಬಳಿಕ ಸಹಪಾಠಿಯೊಬ್ಬರು ಅದನ್ನೇ ಹೇಳಿದಾಗ ಅಧ್ಯಕ್ಷರು 'ಒಳ್ಳೆಯ ಅಂಶ' ಎಂದು ಮೆಚ್ಚಿದರು. ಮರುದಿನ ವಂದನಾರ್ಪಣೆಗೆ ಮಾತ್ರ ನನ್ನ ಹೆಸರು ಕರೆದರು. ತಪ್ಪು ನನ್ನ ಸಂಕೋಚದ್ದೇ?
— ಓದುಗರು, ಧಾರವಾಡ

ಉತ್ತರ: ನೀವು ಮಾತನಾಡಿದ್ದೀರಿ, ಸಂಕೋಚದ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ನಮ್ಮ ಯಾವುದೇ ಗೋಷ್ಠಿಯ ಆಹ್ವಾನ ಪತ್ರಿಕೆಯನ್ನು ತೆರೆದು ನೋಡಿ: ಪ್ರಾರ್ಥನೆ, ಸ್ವಾಗತ, ನಿರೂಪಣೆ, ವಂದನಾರ್ಪಣೆಗಳ ಎದುರು ಬಹಳ ಸಲ ಹೆಣ್ಣುಮಕ್ಕಳ ಹೆಸರಿರುತ್ತದೆ, ಆಶಯ ಭಾಷಣ, ಅಧ್ಯಕ್ಷತೆ, ಸಮಾರೋಪಗಳ ಎದುರು ಗಂಡಸರದು. ಅವರನ್ನು 'ಡಾಕ್ಟರ್' ಎಂದು ಕರೆದ ನಾಲಿಗೆಯೇ ಅಷ್ಟೇ ಓದಿದ ಪ್ರಾಧ್ಯಾಪಕಿಯನ್ನು ಬರೀ 'ಮೇಡಂ' ಎನ್ನುತ್ತದೆ. ನನಗೆ ಇದು ಚಿಕ್ಕ ವಿಷಯವೆಂದು ಎಂದೂ ಅನ್ನಿಸಿಲ್ಲ.

ಹತ್ತು ದೇಶಗಳ 247 ವಿಚಾರಗೋಷ್ಠಿಗಳನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಭೆಯಲ್ಲಿದ್ದ ಹೆಂಗಸರ ಮತ್ತು ಗಂಡಸರ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಪ್ರಶ್ನೆ ಗಂಡಸರಿಂದ ಬರುವ ಸಂಭವ ಎರಡೂವರೆ ಪಟ್ಟು ಹೆಚ್ಚೆಂದು ಕಂಡುಕೊಂಡಿತು. ಮೊದಲ ಪ್ರಶ್ನೆಯನ್ನು ಗಂಡಸು ಕೇಳಿದ ಸಭೆಗಳಲ್ಲಿ ಹೆಂಗಸರ ಪ್ರಶ್ನೆಗಳು ಇನ್ನೂ ಕಡಿಮೆಯಾಗಿದ್ದವು. ಹಾಗಾಗಿ ಮೊದಲ ಅವಕಾಶ ಯಾರಿಗೆಂದು ನಿರ್ಧರಿಸುವ ಅಧ್ಯಕ್ಷರ ಹೊಣೆ ಇಲ್ಲಿ ದೊಡ್ಡದು. ಹಿಂದಿನ ಸಾಲಿನಲ್ಲಿ ಅರ್ಧ ಎತ್ತಿದ ಕೈಯನ್ನು ಅವರು ಕಾಣಬೇಕು. ಪ್ರಶ್ನೆಯೆಂದು ಎದ್ದುನಿಂತು ಭಾಷಣ ಮಾಡುವ ಹಿರಿಯರನ್ನು ವಿನಯದಿಂದಲೇ ಕೂರಿಸಬೇಕು.

ಹಿಂದೆ ಬಾಗಿಲೇ ಮುಚ್ಚಿತ್ತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅವರನ್ನು ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ನಿರ್ದೇಶಕ ಸಿ.ವಿ. ರಾಮನ್ ಒಪ್ಪಲಿಲ್ಲ. ಅವರು ಪಟ್ಟು ಬಿಡದಿದ್ದಾಗ ಪ್ರವೇಶ ಸಿಕ್ಕಿತು, ಆದರೆ ಷರತ್ತುಗಳೊಡನೆ. ಗಂಡಸರ ಗಮನ ಕೆಡಬಾರದೆಂಬುದೂ ಅದರಲ್ಲೊಂದು. 1939ರಲ್ಲಿ ಅವರು ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಇಂದು ಬಾಗಿಲು ತೆರೆದಿದೆ, ಷರತ್ತುಗಳನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮುಂದಿನ ಸಲ ಹೀಗಾದರೆ ಅಲ್ಲಿಯೇ ಎದ್ದು, "ನಾನು ಆಗಲೇ ಎತ್ತಿದ ಆಕ್ಷೇಪವನ್ನು ಇವರು ಮುಂದುವರಿಸಿದ್ದಾರೆ, ಅದಕ್ಕೆ ಇನ್ನೊಂದು ಆಧಾರ ಸೇರಿಸುತ್ತೇನೆ" ಎನ್ನಿ. ದನಿ ಏರಿಸಬೇಕಿಲ್ಲ. ವಂದನಾರ್ಪಣೆಗೆ ಕರೆದರೆ, ಪ್ರಬಂಧ ಮಂಡನೆಗೂ ಅವಕಾಶ ಕೊಡಿರೆಂದು ಸಂಘಟಕರಿಗೆ ಮೊದಲೇ ಬರೆದು ಕೇಳಿ. ನಿಮ್ಮ ಸಹಪಾಠಿಯೊಡನೆಯೂ ಮಾತನಾಡಿ. ಮೆಚ್ಚುಗೆ ಬಂದ ಕ್ಷಣದಲ್ಲೇ "ಇದನ್ನು ಮೊದಲು ಹೇಳಿದವರು ಇವರು" ಎನ್ನಬಹುದಾಗಿದ್ದವರು ಅವರೇ.